ದಲಿತ ರಂಗಭೂಮಿ: ಬೊಗಸೆ ನೀರಿನ ಪ್ರಶ್ನೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದಲಿತ ನಾಟಕಗಳಲ್ಲಿ ಜಾತಿಯ ದಬ್ಬಾಳಿಕೆ ಮತ್ತು ಪ್ರತಿರೋಧ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ನಾನು ದಲಿತನಲ್ಲ, ವಿಮರ್ಶಕನೂ ಅಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು, ಸಂಜೆಗಳನ್ನು ಈ ಮುಂಬಯಿಯ ಹವ್ಯಾಸಿ ಕನ್ನಡ ನಾಟಕಗಳಿಗೆ ಕೊಟ್ಟವನು. ಆದರೂ ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಮೂವತ್ತೆಂಟು ವರ್ಷಗಳಿಂದ ಒಂದು ತಾಲೀಮಿನ ನೆನಪು ನನ್ನನ್ನು ಬಿಟ್ಟಿಲ್ಲ. ಅದನ್ನು ಎಲ್ಲಿಯಾದರೂ ಹೇಳಬೇಕಾದರೆ ಅದು ಈ ಸಭಾಂಗಣದಲ್ಲಿಯೇ ಎಂದು ನನಗೆ ಅನ್ನಿಸಿತು. ಅಲ್ಲಿಗೆ ಬರುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ.

ಅಸ್ಪೃಶ್ಯತೆಯನ್ನು ಕುರಿತ ನಾಟಕವೆಂದರೆ ನನ್ನ ತಲೆಮಾರಿನ ಕನ್ನಡಿಗರಿಗೆ ಮೊದಲು ನೆನಪಾಗುವುದು ಕುವೆಂಪು ಅವರ ‘ಜಲಗಾರ’. 1928ರಷ್ಟು ಹಿಂದೆಯೇ ಬೀದಿ ಗುಡಿಸುವವನನ್ನು ನಾಯಕನನ್ನಾಗಿ ಮಾಡಿ, ದೇವಾಲಯದ ಬಾಗಿಲು ಮುಚ್ಚಿದ್ದರೂ ಶಿವನೇ ಜಗದ ಜಲಗಾರನಾಗಿ ಅವನೆದುರು ಬಂದು ನಿಲ್ಲುವಂತೆ ಮಾಡಿದ ಧೈರ್ಯ ಸಣ್ಣದಲ್ಲ. ಆಮೇಲೆ ‘ಶೂದ್ರ ತಪಸ್ವಿ’ (1944) ಬಂತು; ಶಂಬೂಕನ ಮೇಲೆ ಬಿಟ್ಟ ಅಸ್ತ್ರ ಅವನಿಗೆ ನಮಿಸಿ, ದೂರು ತಂದ ಬ್ರಾಹ್ಮಣನ ಕಡೆಗೆ ತಿರುಗಿತು. ಪುರಾಣವನ್ನು ಹೀಗೆ ತಿದ್ದಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು; ಆ ವಾಗ್ವಾದ ಪ್ರಸಿದ್ಧವಾದದ್ದು. ‘ಬೆರಳ್‌ಗೆ ಕೊರಳ್’ (1947) ಏಕಲವ್ಯನ ಹೆಬ್ಬೆರಳಿಗೆ ದ್ರೋಣನ ಕೊರಳನ್ನು ಲೆಕ್ಕಕ್ಕೆ ಹಿಡಿಯಿತು. ಈ ಮೂರೂ ನಾಟಕಗಳನ್ನು ನಾನು ಗೌರವದಿಂದ ಓದಿದ್ದೇನೆ, ಒಂದನ್ನು ಆಡಿಸಿಯೂ ಇದ್ದೇನೆ. ಆದರೆ ಮೂರರಲ್ಲಿಯೂ ನ್ಯಾಯ ಕೊಡುವವನು ಬೇರೆಯವನು: ಶಿವ, ಅಸ್ತ್ರ, ವಿಧಿ. ಮನಸ್ಸು ಬದಲಾಗಬೇಕಾದದ್ದು ಮೇಲಿನವನದು. ಜಲಗಾರನ ಮನೆ ಎಲ್ಲಿದೆ, ಅವನ ಹೆಂಡತಿ ಯಾವ ಬಾವಿಯಿಂದ ನೀರು ತರುತ್ತಾಳೆ ಎಂಬುದು ನಾಟಕದ ಪ್ರಶ್ನೆಯಲ್ಲ. ಕುವೆಂಪು ಸ್ವತಃ ಶೂದ್ರ ಸಮುದಾಯದಿಂದ ಬಂದವರು, ಅವಮಾನದ ರುಚಿ ಬಲ್ಲವರು. ಆದರೂ ನಾಲ್ಕನೆಯ ಮೆಟ್ಟಿಲಿಗೂ ಮೆಟ್ಟಿಲೇ ಇಲ್ಲದ ನೆಲಕ್ಕೂ ನಡುವೆ ಅಂತರವಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣವೂ ನಮ್ಮ ನಾಟಕಕಾರರನ್ನು ಮತ್ತೆ ಮತ್ತೆ ಸೆಳೆದಿದೆ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ನಿಮಗೆಲ್ಲ ಗೊತ್ತಿರುವಂಥವು. ಅವುಗಳ ಚರ್ಚೆ ಬೇರೊಂದು ಸಂಜೆಗಿರಲಿ.

ನಾವಿರುವುದು ಮಹಾರಾಷ್ಟ್ರದಲ್ಲಿ. ಈ ನೆಲದ ರಂಗಭೂಮಿಯ ಚರಿತ್ರೆಯನ್ನು ಹೊರನಾಡ ಕನ್ನಡಿಗರಾದ ನಾವು ಎಷ್ಟು ಬಲ್ಲೆವು? ಇಲ್ಲಿ ಈ ಕಥೆ ಆರಂಭವಾಗುವುದು 1855ರಲ್ಲಿ. ಜೋತಿರಾವ್ ಫುಲೆ ಆ ವರ್ಷ ‘ತೃತೀಯ ರತ್ನ’ ಎಂಬ ನಾಟಕ ಬರೆದು ದಕ್ಷಿಣಾ ಬಹುಮಾನ ಸಮಿತಿಗೆ ಕಳಿಸಿದರು. ಸಮಿತಿ ಒಪ್ಪಲಿಲ್ಲ. ನಾಟಕ ಅಚ್ಚಾದದ್ದು 1979ರಲ್ಲಿ, ಅಂದರೆ 124 ವರ್ಷಗಳ ಮೇಲೆ. ಬಸುರಿ ಕುಣಬಿ ಹೆಂಗಸು ಮತ್ತು ಅವಳ ಗಂಡನನ್ನು ಗ್ರಹದೋಷದ ಹೆಸರಿನಲ್ಲಿ ಜೋಯಿಸನೊಬ್ಬ ಸುಲಿಯುತ್ತಾನೆ. ವಿದೂಷಕ ಪಕ್ಕದಲ್ಲಿ ನಿಂತು ಪ್ರೇಕ್ಷಕರಿಗೆ ಅದರ ಒಳಗುಟ್ಟು ಬಿಡಿಸಿ ಹೇಳುತ್ತಾನೆ. ಕೊನೆಗೆ ಗಂಡಹೆಂಡಿರು ಫುಲೆಯವರ ರಾತ್ರಿ ಶಾಲೆಗೆ ಹೊರಡುತ್ತಾರೆ. ರಾತ್ರಿ ಶಾಲೆ! ಹೋಟೆಲಿನಲ್ಲಿ ತಟ್ಟೆ ತೊಳೆದು ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಎಷ್ಟೋ ಜನ ಈ ಸಭೆಯಲ್ಲಿಯೇ ಕೂತಿದ್ದೀರಿ. ಆ ನಾಟಕ ನಮ್ಮದೂ ಹೌದೆಂದು ನಮಗೆ ಯಾರೂ ಹೇಳಿಕೊಡಲಿಲ್ಲ.

ಫುಲೆಯವರ ಬಳಿಕ ಸತ್ಯಶೋಧಕ ಜಲಸಾಗಳು ಬಂದವು, ಅವುಗಳ ಬೆನ್ನಿಗೆ ಅಂಬೇಡ್ಕರಿ ಜಲಸಾಗಳು. ತಮಾಷಾದ ಕುಣಿತ, ಢೋಲಕಿ, ಸವಾಲು-ಜವಾಬುಗಳನ್ನೇ ಇಟ್ಟುಕೊಂಡು, ಒಳಗಿನ ಶೃಂಗಾರವನ್ನು ತೆಗೆದು, ಶಾಲೆ, ಕೆರೆ, ಗುಡಿ, ಸತ್ತ ದನದ ವಿಷಯಗಳನ್ನು ತುಂಬಿದರು. ನಾಸಿಕದ ಭೀಮರಾವ್ ಕರ್ಡಕರ ತಂಡ ಇವುಗಳಲ್ಲಿ ಹೆಸರಾದದ್ದು. ಗಿರಣಿ ಕಾರ್ಮಿಕರ ಚಾಳುಗಳ ಅಂಗಳದಲ್ಲಿ ಕಂದೀಲು ಹಚ್ಚಿ ಆಡುತ್ತಿದ್ದ ಈ ಆಟಗಳಿಗೆ ಟಿಕೇಟಿಲ್ಲ, ಪರದೆಯಿಲ್ಲ. ಇವು ಸಾಹಿತ್ಯ ಚರಿತ್ರೆಯ ಪುಸ್ತಕಗಳಿಗೆ ತಡವಾಗಿ ಬಂದವು. ರಂಗದ ಮೇಲೆ ನಿಂತವನೂ ಎದುರಿಗೆ ಕೂತವನೂ ಒಂದೇ ಕೇರಿಯವರಾಗಿದ್ದ ರಂಗಭೂಮಿಯದು. ಅಲ್ಲಿ ಯಾರ ಹೃದಯವನ್ನೂ ಕರಗಿಸುವ ಅಗತ್ಯವಿರಲಿಲ್ಲ. ಇನ್ನು ಮೇಲೆ ನಾವು ಏನು ಮಾಡಬೇಕು ಎಂಬುದಷ್ಟೇ ಮಾತು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ಬೋಳೆಯವರ ಗೊತ್ತುವಳಿಯನ್ನು ಮುಂಬಯಿ ವಿಧಾನ ಪರಿಷತ್ತು ಅಂಗೀಕರಿಸಿದ್ದು 1923ರಲ್ಲಿ. ಕಾಗದದ ಮೇಲೆ ಕೆರೆ ತೆರೆಯಿತು. ಮಹಾಡದ ಚವದಾರ ಕೆರೆಯಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ಇಳಿದು ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಬಳಿಕ ಹೊಡೆದಾಟವಾಯಿತು, ಕೆರೆಗೆ ಪಂಚಗವ್ಯದ ಶುದ್ಧಿಯೂ ಆಯಿತು. ಮೊಕದ್ದಮೆ ಹೈಕೋರ್ಟಿನವರೆಗೆ ಹೋಗಿ ದಲಿತರ ಪರವಾಗಿ ತೀರ್ಪು ಬಂದದ್ದು 1937ರಲ್ಲಿ. ಒಂದು ಗುಟುಕಿಗೆ ಹದಿನಾಲ್ಕು ವರ್ಷ. ಅದರ ಮೇಲೆ ನಲವತ್ತು ವರ್ಷ ಕಳೆದು, ಅಸ್ಪೃಶ್ಯತೆಯನ್ನು ಸಂವಿಧಾನವೇ ರದ್ದು ಮಾಡಿದ ದೇಶದಲ್ಲಿ, ಪ್ರೇಮಾನಂದ ಗಜ್ವಿಯವರು 1977ರಲ್ಲಿ ‘ಘೋಟ್‌ಭರ್ ಪಾಣಿ’ ಎಂಬ ಏಕಾಂಕ ಬರೆಯಬೇಕಾಯಿತು. ಹೆಸರಿನ ಅರ್ಥ ಒಂದು ಗುಟುಕು ನೀರು ಎಂದು. ಇಬ್ಬರೇ ನಟರು ಹಲವು ಪಾತ್ರಗಳಾಗಿ ಬದಲಾಗುತ್ತ ಹೋಗುತ್ತಾರೆ. ರಂಗಸಜ್ಜಿಕೆ ಬೇಡ, ಖರ್ಚಿಲ್ಲ. ಕಾಲೇಜು, ಕಾರ್ಖಾನೆ, ಹಳ್ಳಿಯ ಕಟ್ಟೆ, ಎಲ್ಲಿ ಬೇಕಾದರೂ ಆಡಬಹುದು. ಆಡಿದರು ಕೂಡ, ಹಲವು ಭಾಷೆಗಳಲ್ಲಿ.

1986ರ ಮಳೆಗಾಲದಲ್ಲಿ ನಾವು ಕೆಲವರು ಸೇರಿ, ನಮ್ಮ ಕೈಲಾದಮಟ್ಟಿಗೆ ಅದನ್ನು ಕನ್ನಡಕ್ಕೆ ಇಳಿಸಿಕೊಂಡು, ಒಂದು ಸಂಘದ ಏಕಾಂಕ ಸ್ಪರ್ಧೆಗೆಂದು ತಾಲೀಮು ಆರಂಭಿಸಿದೆವು. ಶಾಲೆಯೊಂದರ ಕೋಣೆ ರಾತ್ರಿ ಎಂಟರ ನಂತರ ನಮಗೆ ಸಿಗುತ್ತಿತ್ತು. ನಟರಿಬ್ಬರೂ ನನ್ನಂತೆಯೇ ಬ್ಯಾಂಕಿನವರು, ಮೇಲ್ಜಾತಿಯವರು. ಹಲಗೆಯ ಸದ್ದಿದ್ದರೆ ನಾಟಕಕ್ಕೆ ಕಳೆ ಬರುತ್ತದೆಂದು ನನಗೆ ಹೊಳೆಯಿತು. ಯಾರೋ ಒಬ್ಬ ತರುಣನನ್ನು ಕರೆತಂದರು. ಗುಲಬರ್ಗಾ ಜಿಲ್ಲೆಯವನು, ನಗರದಲ್ಲಿ ಕಸ ಸಾಗಿಸುವ ಕೆಲಸ, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಹಲಗೆ ಬಾರಿಸುತ್ತೀಯಾ ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ:

“ನಮ್ಮಪ್ಪ ಹಲಗಿ ಇಟ್ಟು ಮುಂಬೈಗೆ ಬಂದಾನ್ರಿ ಸರ. ಮತ್ತ ನಾ ಹಿಡೀಲೇನ್ರಿ?”

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸ್ವಲ್ಪ ಸಿಟ್ಟೇ ಬಂತು. ಪ್ರಗತಿಪರ ನಾಟಕವೊಂದಕ್ಕೆ ಕರೆದರೆ ಇವನಿಗೇಕೆ ಸಂಕೋಚ ಎಂದುಕೊಂಡೆ. ಆದರೆ ಅವನು ಹೋಗಲಿಲ್ಲ. ಕಿಟಕಿಯ ಬಳಿ ನಿಂತು ತಾಲೀಮು ನೋಡಿದ, ಮರುದಿನವೂ ಬಂದ. ಮೂರನೆಯ ದಿನವೆಂದು ನೆನಪು, ನಮ್ಮ ನಟ ಬೊಗಸೆಯೊಡ್ಡಿ ನೀರು ಕುಡಿಯುವ ಭಾಗವನ್ನು ಮಾಡುತ್ತಿದ್ದ. ತರುಣ ತಡೆಯಲಾರದೆ ಮುಂದೆ ಬಂದ.

“ಹಂಗ ಕುಡಿಯಂಗಿಲ್ರಿ. ಅದು ನಳದಾಗ ಕುಡಿಯಾವ್ರ ಪದ್ಧತಿ. ಮ್ಯಾಲಿಂದ ಹಾಕ್ತಾರಲ್ರಿ, ನೀರು ಮೊಣಕೈ ಗುಂಟ ಇಳದು ಅಂಗಿ ತೊಯ್ತದ. ಅದಕ ಮೊಣಕೈ ಹೊರಗ ಚಾಚಿ, ಹಿಂಗ ಬಗ್ಗಬೇಕು. ಹಾಕಾವ್ರ ಮಾರಿ ನೋಡಬಾರದು. ಕೊಡಾನ ನೋಡಬೇಕು. ಯಾವಾಗ ನಿಲ್ಲಸ್ತಾರ ಗೊತ್ತಾಗಂಗಿಲ್ಲ ನೋಡ್ರಿ.”

ಮಾಡಿ ತೋರಿಸಿದ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಮೊಣಕೈಗಳು ರೆಕ್ಕೆಯಂತೆ ಹೊರಗೆ, ಬೆನ್ನು ಬಾಗಿ, ಕಣ್ಣು ಮಾತ್ರ ಮೇಲಕ್ಕೆ. ಹದಿನೈದು ದಿನಗಳಿಂದ ನಾವು ಸಂಭಾಷಣೆಯ ಏರಿಳಿತವನ್ನು ತಿದ್ದುತ್ತಿದ್ದೆವು. ನಾಟಕ ಇದ್ದದ್ದು ಆ ಮೊಣಕೈಯಲ್ಲಿ. ನಾನು ಕೂಡಲೇ ನಟನಿಗೆ ಅದನ್ನು ಕಲಿಯಲು ಹೇಳಿದೆ. ಪಾತ್ರವನ್ನೇ ಆ ಹುಡುಗನಿಗೆ ಕೊಡಬಹುದೆಂಬ ಯೋಚನೆ ನನಗೆ ಬರಲಿಲ್ಲ. ಬಂದಿದ್ದರೂ ಅವನ ಭಾಷೆ ಶುದ್ಧವಿಲ್ಲ, ಸ್ಪರ್ಧೆಯ ತೀರ್ಪುಗಾರರು ಒಪ್ಪುವುದಿಲ್ಲ ಎಂಬ ಸಮಾಧಾನ ಸಿದ್ಧವಾಗಿರುತ್ತಿತ್ತು.

ಇನ್ನೊಂದು ಸಂಗತಿಯಿದೆ, ಅದೇ ನನ್ನನ್ನು ಹೆಚ್ಚು ಕಾಡುವುದು. ತಾಲೀಮಿನ ನಡುವೆ ಪಕ್ಕದ ಹೋಟೆಲಿನಿಂದ ಕಿಟ್ಲಿಯಲ್ಲಿ ಚಹಾ ಬರುತ್ತಿತ್ತು, ಜೊತೆಗೆ ಗಾಜಿನ ಲೋಟಗಳು. ಆ ತರುಣನಿಗೆ ಮಾತ್ರ ಮೊದಲ ದಿನದಿಂದಲೇ ಕಿಟಕಿಯ ಕಟ್ಟೆಯ ಮೇಲಿದ್ದ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟೆವು. ಯಾರು ಹಾಗೆ ಮಾಡಿದರು? ಯಾರೂ ತೀರ್ಮಾನಿಸಲಿಲ್ಲ, ಯಾರೂ ಒಂದು ಮಾತೂ ಆಡಲಿಲ್ಲ. ಲೋಟ ಒಂದು ಕಡಿಮೆ ಇತ್ತು, ಅಷ್ಟೆ. ಆ ಕಡಿಮೆ ಪ್ರತಿದಿನವೂ ಅವನ ಪಾಲಿಗೇ ಬೀಳುತ್ತಿತ್ತು. ನಾಲ್ಕನೆಯ ದಿನದಿಂದ ಅವನು “ಕುಡದು ಬಂದೀನ್ರಿ” ಎನ್ನತೊಡಗಿದ. ನಾನು ಗಮನಿಸಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಗಮನಿಸಿಯೂ ಗಮನಿಸದವನಂತೆ ಇದ್ದೆ ಎಂಬುದೇ ನಿಜ. ನೀರಿನ ನಾಟಕ ಆಡುತ್ತಿದ್ದೆವು. ಎರಡನೆಯ ಬಹುಮಾನ ಬಂತು. ಬಹುಮಾನದ ಫೋಟೋದಲ್ಲಿ ಅವನಿಲ್ಲ.

ಹಾಗಾದರೆ ದಲಿತ ನಾಟಕವನ್ನು ದಲಿತರೇ ಬರೆಯಬೇಕೇ, ಅವರೇ ಆಡಬೇಕೇ ಎಂಬ ಹಳೆಯ ಚರ್ಚೆ ಏಳುತ್ತದೆ. ಅನುಭವವೊಂದೇ ಅರ್ಹತೆ ಎಂಬುದನ್ನು ನಾನು ಒಪ್ಪಲಾರೆ. ಇದೇ ಗಜ್ವಿಯವರು ‘ಕಿರವಂತ’ ಬರೆದರು. ಅಂತ್ಯಕ್ರಿಯೆ ಮಾಡಿಸುವ ಬ್ರಾಹ್ಮಣರನ್ನು ಉಳಿದ ಬ್ರಾಹ್ಮಣರು ದೂರವಿಡುವ ಕಥೆಯದು. ತನ್ನ ಜಾತಿಯದಲ್ಲದ ಅವಮಾನವನ್ನೂ ದಲಿತ ಲೇಖಕ ಹೊಕ್ಕು ನೋಡಬಲ್ಲ. ಹಾಗೆ ನೋಡಬಲ್ಲನೆಂದರೆ ಅದು ಅವನು ತನ್ನ ಮೊಣಕೈಯನ್ನು ಬಲ್ಲುದರಿಂದ. ನಮ್ಮಂಥವರಿಗೆ ಕೊರತೆಯಿರುವುದು ಅಲ್ಲಿ. ಸಹಾನುಭೂತಿಗೆ ನಮ್ಮಲ್ಲೇನೂ ಬರವಿಲ್ಲ.

ದತ್ತಾ ಭಗತರ ‘ವಾಟಾ ಪಳವಾಟಾ’ (1987) ಇನ್ನೂ ಕಷ್ಟದ ನಾಟಕ. ಅಂಬೇಡ್ಕರರ ಕಾಲದ ಚಳವಳಿಯನ್ನು ಕಂಡ ಕಾಕಾ, ಓದಿ ಪ್ರಾಧ್ಯಾಪಕನಾದ ಸತೀಶ, ತಾಳ್ಮೆಯಿಲ್ಲದ ತರುಣ ಅರ್ಜುನ, ಸತೀಶನ ಬ್ರಾಹ್ಮಣ ಹೆಂಡತಿ ಹೇಮಾ, ಇವರೆಲ್ಲ ಒಂದೇ ಛಾವಣಿಯ ಕೆಳಗೆ ದಾರಿ ಯಾವುದು, ಪಲಾಯನದ ಒಳದಾರಿ ಯಾವುದು ಎಂದು ಜಗಳಾಡುತ್ತಾರೆ. ಶೋಷಕ ಹೊರಗಿದ್ದಾನೆ, ಸರಿ. ಮನೆಯೊಳಗೇ ಪರಸ್ಪರ ಒಪ್ಪದವರು ಏನು ಮಾಡಬೇಕು? ದಲಿತ ಪಾತ್ರಗಳಿಗೆ ತಪ್ಪು ಮಾಡುವ, ಒಬ್ಬರಿನ್ನೊಬ್ಬರನ್ನು ಅನುಮಾನಿಸುವ ಹಕ್ಕನ್ನು ಈ ನಾಟಕ ಕೊಟ್ಟಿತು. ಕರುಣೆಯ ನಾಟಕಗಳು ಅಂಥ ಹಕ್ಕನ್ನು ಕೊಡುವುದಿಲ್ಲ.

ಕರ್ನಾಟಕದ ಕಡೆಗೆ ತಿರುಗಿದರೆ, 1973ರ ಬೂಸಾ ಪ್ರಕರಣದಿಂದ ಲೆಕ್ಕ ಹಿಡಿಯುವುದು ವಾಡಿಕೆ. ಬಸವಲಿಂಗಪ್ಪನವರ ಒಂದು ಮಾತಿಗೆ ಎದ್ದ ಗಲಭೆ, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ, 1975ರಲ್ಲಿ ‘ಸಮುದಾಯ’, ಅದೇ ವರ್ಷ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದಾಗ ‘ಬೆಲ್ಚಿ’ ಬೀದಿನಾಟಕವಾಗಿ ಕನ್ನಡದ ಊರೂರಿಗೆ ಹೋಯಿತು. ಅದರ ರೋಷ ಪ್ರಾಮಾಣಿಕವಾದದ್ದು. ಆದರೂ ಅಲ್ಲಿ ದಲಿತನೆಂದರೆ ಸುಟ್ಟ ದೇಹ. ಅವನ ಅಡುಗೆಮನೆ ನಮಗೆ ಕಾಣುವುದಿಲ್ಲ. ಸಿದ್ಧಲಿಂಗಯ್ಯನವರು ‘ಪಂಚಮ’, ‘ನೆಲಸಮ’, ‘ಏಕಲವ್ಯ’ ಎಂದು ಮೂರು ನಾಟಕ ಬರೆದರು. 2021ರಲ್ಲಿ ಅವರು ತೀರಿಕೊಂಡಾಗ ಬಂದ ಲೇಖನಗಳಲ್ಲಿ ಹಾಡುಗಳ ಪ್ರಸ್ತಾಪವೇ ಹೆಚ್ಚು, ನಾಟಕಗಳದು ಕಡಿಮೆ. ಕುವೆಂಪು ಎತ್ತಿಕೊಂಡ ಏಕಲವ್ಯನನ್ನೇ ಇವರೂ ಎತ್ತಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆ ಅಡುಗೆಮನೆ ಕಂಡದ್ದು ‘ಒಡಲಾಳ’ದಲ್ಲಿ. ದೇವನೂರ ಮಹಾದೇವ ಅವರ ಕಥೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದರು, ಸಾಕವ್ವನಾಗಿ ಉಮಾಶ್ರೀ. ಕಳೆದುಹೋದ ಹುಂಜವನ್ನು ಹುಡುಕುವ ಮುದುಕಿ, ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಬೆಂಕಿಯ ಸುತ್ತ ಕೂತು ತಿನ್ನುವ ಮನೆಮಂದಿ, ಬೆಳಗಾದರೆ ಬಾಗಿಲಿಗೆ ಪೊಲೀಸರು. ಕಳ್ಳತನ ನಡೆದಿದೆ, ಇಲ್ಲವೆನ್ನುವಂತಿಲ್ಲ. ಆದರೆ ಆ ರಾತ್ರಿ ಆ ಮನೆಯಲ್ಲಿ ಹಬ್ಬ. ಪ್ರೇಕ್ಷಕರು ನಗುತ್ತಾರೆ, ನಕ್ಕ ಮೇಲೆ ತಾವು ಯಾರ ಕಡೆಗಿದ್ದೇವೆಂದು ಗೊತ್ತಾಗದೆ ತಡವರಿಸುತ್ತಾರೆ. ಪ್ರತಿರೋಧವೆಂದರೆ ಮುಷ್ಟಿ ಎತ್ತುವುದೊಂದೇ ಎಂದುಕೊಂಡಿದ್ದ ನನಗೆ, ಹಸಿದವರು ಒಟ್ಟಿಗೆ ಕೂತು ನಗುತ್ತ ತಿನ್ನುವುದೂ ಪ್ರತಿರೋಧವಾಗಬಲ್ಲದೆಂದು ತೋರಿಸಿದ್ದು ಈ ನಾಟಕ. ಮಹಾದೇವರ ‘ಕುಸುಮಬಾಲೆ’ಯನ್ನು ಬಸವಲಿಂಗಯ್ಯನವರು ಮೈಸೂರಿನ ರಂಗಾಯಣಕ್ಕೆ ಮಾಡಿಸಿದರು. ಅಲ್ಲಿ ಮಂಚವೂ ಮಾತಾಡುತ್ತದೆ, ದೀಪಗಳೂ ಮಾತಾಡುತ್ತವೆ. ಕೊಲೆಯಾದ ಚೆನ್ನನ ಬಗ್ಗೆ ಮನುಷ್ಯರು ಬಾಯಿ ಮುಚ್ಚಿಕೊಂಡಾಗ ಸಾಕ್ಷಿ ಹೇಳಬೇಕಾದವರು ಯಾರು?

ಹಲಗೆಯ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ಕಡೆಯ ಹಲಗೆಯೂ ಮರಾಠಿಯ ಹಲ್ಗಿಯೂ ಒಂದೇ ವಾದ್ಯ, ಒಂದೇ ಚರ್ಮ. ಹೆಣದ ಮುಂದೆ, ಜಾತ್ರೆಯಲ್ಲಿ, ಡಂಗುರದಲ್ಲಿ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ಅದನ್ನು ಸ್ವಾಭಿಮಾನದ ಹೆಸರಿನಲ್ಲಿ ಎಷ್ಟೋ ಊರುಗಳ ದಲಿತರು ಕೆಳಗಿಟ್ಟರು. ಅದಕ್ಕಾಗಿ ಏಟು ತಿಂದರು, ಬಹಿಷ್ಕಾರ ಉಂಡರು. ಅದೇ ಕಾಲಕ್ಕೆ ದಲಿತ ಚಳವಳಿಯ ಮೆರವಣಿಗೆಗಳಲ್ಲಿ ತಮಟೆ ಹೋರಾಟದ ವಾದ್ಯವಾಯಿತು. ಇವೆರಡರಲ್ಲಿ ಯಾವುದು ಸರಿ? ಎರಡೂ ಸರಿಯೆಂದು ನನಗೆ ಅನ್ನಿಸುತ್ತದೆ. ಇಡುವುದೋ ಎತ್ತುವುದೋ ಎಂಬ ತೀರ್ಮಾನ ಬಾರಿಸುವ ಕೈಯದು. 1986ರಲ್ಲಿ ನಾನು ಆ ತೀರ್ಮಾನವನ್ನು ನನ್ನದೆಂದುಕೊಂಡಿದ್ದೆ.

ಇತ್ತೀಚಿನ ವರ್ಷಗಳಲ್ಲಿ ಆ ಕೈ ರಂಗದ ನಡುವೆಯೇ ಬಂದು ನಿಂತದ್ದನ್ನು ಕಂಡೆ. 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರ ಬರಹವನ್ನು ಆಧರಿಸಿ ಲಕ್ಷ್ಮಣ ಕೆ.ಪಿ. ನಿರ್ದೇಶಿಸಿದ ‘ದಕ್ಲಕಥಾ ದೇವಿಕಾವ್ಯ’ದಲ್ಲಿ ತಮಟೆ, ಅರೆಗಳೇ ಕಥೆ ಹೇಳುತ್ತವೆ. ದಕ್ಕಲಿಗರು ಮಾದಿಗರನ್ನೇ ಬೇಡಿ ಬದುಕುವವರು, ಅಸ್ಪೃಶ್ಯರಿಗೂ ಅಸ್ಪೃಶ್ಯರಾದವರು. ಮೇಲಿನವರನ್ನು ಬೈಯುವುದು ಸುಲಭ; ತನಗಿಂತ ಕೆಳಗೆ ಯಾರಿದ್ದಾರೆಂದು ದಲಿತ ರಂಗಭೂಮಿಯೇ ಬಗ್ಗಿ ನೋಡುವುದಕ್ಕೆ ಇನ್ನೊಂದು ಬಗೆಯ ಎದೆ ಬೇಕು. ಮರಾಠಿಯಲ್ಲಿ 2012ರ ‘ಶಿವಾಜಿ ಅಂಡರ್‌ಗ್ರೌಂಡ್ ಇನ್ ಭೀಮನಗರ ಮೊಹಲ್ಲಾ’ ಜಾಲನಾ ಕಡೆಯ ರೈತಾಪಿ ನಟರನ್ನು ನಗರದ ರಂಗಮಂದಿರಗಳಿಗೆ ತಂದಿತು. ಜಲಸಾದ ಹಳೆಯ ಗತ್ತು ಅದರಲ್ಲಿ ಮರಳಿ ಕೇಳಿಸಿತು.

ಆದರೆ ಎಲ್ಲವೂ ಚಪ್ಪಾಳೆಯಲ್ಲಿ ಮುಗಿಯುವುದಿಲ್ಲ. 1997ರ ಜುಲೈ 11ರಂದು ಘಾಟ್ಕೋಪರದ ರಮಾಬಾಯಿ ನಗರದಲ್ಲಿ ಅಂಬೇಡ್ಕರರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಮಂದಿ ಸತ್ತರು. ಅದನ್ನು ಕಂಡು ಬಂದ ಶಾಹಿರ ವಿಲಾಸ ಘೋಗರೆ ಕೆಲವೇ ದಿನಗಳಲ್ಲಿ ತಮ್ಮ ಗುಡಿಸಲಿನಲ್ಲಿ ನೇಣು ಹಾಕಿಕೊಂಡರು. ಆನಂದ ಪಟವರ್ಧನರ ‘ಜೈ ಭೀಮ್ ಕಾಮ್ರೇಡ್’ (2011) ಚಿತ್ರ ಆರಂಭವಾಗುವುದೇ ಅವರಿಂದ. ಘಾಟ್ಕೋಪರ, ಮುಲುಂಡ ನಮಗೆ ದೂರದ ಊರುಗಳಲ್ಲ. ನಮ್ಮ ಸಂಘಗಳಿರುವುದೂ ಅದೇ ರೈಲು ಮಾರ್ಗದಲ್ಲಿ. ಆ ತಿಂಗಳು ನಮ್ಮ ಯಾವ ವೇದಿಕೆಯಲ್ಲಿಯೂ ಈ ಬಗ್ಗೆ ಒಂದು ಮಾತು ಬಂದ ನೆನಪು ನನಗಿಲ್ಲ. ನಾನೂ ಆಡಲಿಲ್ಲ.

ಹೊರನಾಡ ಕನ್ನಡಿಗ ಎಂದಾಗ ನಮ್ಮ ಕಣ್ಣ ಮುಂದೆ ಬರುವವರು ಹೋಟೆಲಿನವರು, ಬ್ಯಾಂಕಿನವರು, ಅಧ್ಯಾಪಕರು. ಕಲಬುರಗಿ, ಬಿಜಾಪುರ, ರಾಯಚೂರುಗಳಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರು, ಅದರ ಚರಂಡಿ ಬಳಿದವರು ಮನೆಯಲ್ಲಿ ಆಡುವುದೂ ಕನ್ನಡವೇ. ಅವರು ನಮ್ಮ ಸದಸ್ಯರ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಕಾರ್ಯದರ್ಶಿಗಳನ್ನು ಕೇಳಿದ್ದೆ. ಉತ್ತರವನ್ನು ಅವರೇ ಈ ಸಭೆಗೆ ಹೇಳುವುದು ಒಳ್ಳೆಯದು. ‘ಕನ್ನಡ ಉಳಿಸಬೇಕು’ ಎನ್ನುವಾಗ ಉಳಿಸಬೇಕಾದ ಕನ್ನಡದಲ್ಲಿ “ಕುಡದು ಬಂದೀನ್ರಿ” ಎಂಬುದೂ ಸೇರಿದೆಯೇ?

ಈ ವರ್ಷದ ನಾಟಕೋತ್ಸವಕ್ಕೆ ಒಂದು ದಲಿತ ನಾಟಕ ಆರಿಸಿಕೊಡಿ ಎಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ. ಆರಿಸಲು ನಾನು ಒಪ್ಪಿಲ್ಲ. ಅದರ ಬದಲು ಇಬ್ಬರು ಮೂವರು ಸೇರಿ, ರೈಲು ಹಳಿಯ ಆಚೆಯ ವಸತಿಗೆ ಹೋಗಿ, ಅಲ್ಲಿನ ಕನ್ನಡದ ಹುಡುಗ ಹುಡುಗಿಯರು ಏನು ಆಡಬೇಕೆಂದಿದ್ದಾರೆ, ಆಡುವ ಮನಸ್ಸೇ ಇದೆಯೇ ಎಂದು ಕೇಳಿ ಬರೋಣ ಎಂದಿದ್ದೇನೆ. ಅವರು ಬೇಡವೆಂದರೂ ಎನ್ನಬಹುದು. ಒಪ್ಪಿದರೆ ತಾಲೀಮಿಗೆ ಈ ಸಭಾಂಗಣದ ಕೀಲಿಕೈಯನ್ನು ಅವರ ಕೈಗೆ ಕೊಡಬೇಕಾಗುತ್ತದೆ; ಅದಕ್ಕೆ ಸಮಿತಿಯ ಒಪ್ಪಿಗೆ ಇನ್ನೂ ಬಂದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹೊರಡುತ್ತೇವೆ. ಜೊತೆಗೆ ಬರುವವರು ಹೆಸರು ಕೊಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.